ಜೀಪಿನ ನಿಂಬೆಹಣ್ಣು

ಮಾದನಾಯಕನಹಳ್ಳಿ
೧೭ ಜನವರಿ ೨೦೧೦

ಪ್ರೀತಿಯ ಚಿಗವ್ವಾ, ಶರಣು.

ನಾನೊಂದು ಜೀಪು ಕೊಂಡಿದ್ದೇನೆ. ಸರಿಯಾಗಿಯೇ ಓದಿದ್ದೀ, ಕನ್ನಡಕ ಒರೆಸಿಕೊಳ್ಳಬೇಡ. ಕಾರಲ್ಲ, ಸ್ಕೂಟರಲ್ಲ, ಜೀಪು. ನಾನು ಹುಟ್ಟುವುದಕ್ಕೂ ಮುಂಚಿನದು. ಮುಂದಿನ ಗಾಜು ಬಾನೆಟ್ಟಿನ ಮೇಲೆ ಮಡಚಿಕೊಳ್ಳುತ್ತದೆ, ನಾಲ್ಕೂ ಚಕ್ರಗಳು ಎಳೆಯುತ್ತವೆ. ಸದ್ಯಕ್ಕೆ ಒಂದೂ ಎಳೆಯುತ್ತಿಲ್ಲ, ಅದು ಬೇರೆ ಮಾತು.

ಸಿಕ್ಕಿದ್ದು ಸರ್ಜಾಪುರದ ಹತ್ತಿರ ಒಂದು ತೋಟದಲ್ಲಿ. ಮರಿಯಮ್ಮ ಅಂತ ಆ ಮನೆಯೊಡತಿ. ಅವರ ಯಜಮಾನರು ತೀರಿಕೊಂಡ ಮೇಲೆ ಯಾರೂ ಓಡಿಸದೆ ಕೋಳಿಗಳು ಅದರಲ್ಲಿ ಸಂಸಾರ ಹೂಡಿದ್ದವು. ನಾನು ಕೊಳ್ಳುತ್ತೇನೆ ಎಂದಾಗ ಆಯಮ್ಮ ಕೇಳಿದ್ದು ಒಂದೇ ಪ್ರಶ್ನೆ: “ಅಲ್ಲಮ್ಮಾ, ನೀನ್ ತಗೊಂಡೋದ್ರೆ ಕೋಳಿ ಎಲ್ಲಿ ಮಲಗ್ಬೇಕು?” ಅವಕ್ಕೊಂದು ಗೂಡು ಮಾಡಿಸಿಕೊಡುವ ಮಾತಾದ ಮೇಲೆಯೇ ಕೀಲಿಕೈ ಕೊಟ್ಟರು.

ಯಾಕೆ ಕೊಂಡೆ ಎಂದು ಕಾರ್ಖಾನೆಯಲ್ಲಿ ಎಲ್ಲರೂ ಕೇಳುತ್ತಾರೆ. ನಿನಗೆ ಮಾತ್ರ ಹೇಳಬೇಕಾಗಿಲ್ಲ. ಬೇಸಿಗೆ ರಜೆಯಲ್ಲಿ ನಿನ್ನ ಆಸ್ಪತ್ರೆ ಕ್ವಾರ್ಟರ್ಸಿಗೆ ಬಂದಾಗ, ಸಂಜೆ ಊರ ಹೊರಗೆ ಧೂಳೆದ್ದರೆ ಸಾಕು, ನಾನು ಚಪ್ಪಲಿ ಬಿಟ್ಟು ಓಡುತ್ತಿದ್ದೆ. ಹಿಂದಿನ ಅಡ್ಡ ಬೆಂಚಿನ ಮೇಲೆ ಲಸಿಕೆ ಡಬ್ಬಿಯ ಪಕ್ಕ ನೀನು ರಾಣಿಯ ಹಾಗೆ ಕೂತಿರುತ್ತಿದ್ದೆ. ಊರಿಗೆ ಊರೇ “ನರ್ಸಬಾಯಿ ಬಂದ್ಳು” ಅನ್ನುತ್ತಿತ್ತು. ನಿನ್ನ ಸೆರಗಿನ ತುದಿಯಲ್ಲಿ ಸದಾ ಒಂದು ನಿಂಬೆಹಣ್ಣು. ಜೀಪಿಗೆ ದೃಷ್ಟಿಯಾಗದಿರಲಿ ಎಂದು ಅಲ್ಲವೇ? ನಾನೂ ಮೊದಲ ದಿನವೇ ಬಾನೆಟ್ಟಿಗೆ ನಿಂಬೆಹಣ್ಣು ಕಟ್ಟಿದೆ, ಮೆಣಸಿನಕಾಯಿ ಸಮೇತ.

ಇದನ್ನೆಲ್ಲ ಫೋನಿನಲ್ಲಿ ಹೇಳೋಣವೆಂದರೆ ನೀನು “ಹಾಂ, ಹಾಂ” ಅಂದು ದೇವಕ್ಕನ ಕೈಗೆ ಕೊಡುತ್ತೀ. ಅದಕ್ಕೇ ಕಾಗದ. ಯುಗಾದಿಗೆ ಜೀಪು ರೆಡಿಯಾಗುತ್ತದೆ. ನಾನೇ ಓಡಿಸಿಕೊಂಡು ಬ್ಯಾಡಗಿಗೆ ಬಂದು ನಿನ್ನನ್ನು ಕೂರಿಸಿಕೊಂಡು ಬರುತ್ತೇನೆ. ನನ್ನ ಮನೆ ಕಟ್ಟಿ ಎರಡು ವರ್ಷವಾಯಿತು, ನೀನಿನ್ನೂ ಹೊಸ್ತಿಲು ತುಳಿದಿಲ್ಲ.

ನಿನ್ನ
ಶೈಲಜಾ


ಬ್ಯಾಡಗಿ
೨೮ ಜನವರಿ ೨೦೧೦

ಶೈಲೂ ಅವ್ವಾ, ಆಶೀರ್ವಾದ.

ಕಾಗದ ಓದಿ ಬಹಳ ನಕ್ಕೆ. ದೇವಕ್ಕನಿಗೂ ಓದಿ ಹೇಳಿದೆ. ಪಕ್ಕದ ಮನೆಯವಳಾದರೂ ನಿನ್ನ ಮೇಲೆ ನನಗಿಂತ ಹೆಚ್ಚು ಅಧಿಕಾರ ಚಲಾಯಿಸುತ್ತಾಳೆ, ನಿನಗೆ ಗೊತ್ತಲ್ಲ. “ಮೂವತ್ತೆಂಟು ವರ್ಷದಾಕಿ ಗಂಡನ್ನ ಹುಡುಕೂದು ಬಿಟ್ಟು ಕೋಳಿಗೂಡು ಹುಡುಕ್ಯಾಳ” ಅಂದಳು. ಸಿಟ್ಟಾಗಬೇಡ, ಅವಳು ನಿನ್ನ ಮೇಲಿನ ಅಭಿಮಾನಕ್ಕೇ ಹಾಗೆ ಅನ್ನುವುದು. ಆಮೇಲೆ ಓಣಿಯ ಮನೆಮನೆಗೂ ಹೋಗಿ ಹೇಳಿ ಬಂದಿದ್ದಾಳೆ.

ಜೀಪು ನಿನಗೆ ಒಳ್ಳೆಯದಾಗಲಿ. ನಿನ್ನ ಕೈಗೆ ಕಬ್ಬಿಣ ಒಲಿದಿದೆ, ಚಿಕ್ಕಂದಿನಲ್ಲೇ ನನ್ನ ಸ್ಟವ್ ಬಿಚ್ಚಿ ಮತ್ತೆ ಜೋಡಿಸಿದವಳು ನೀನು. ಜೋಡಿಸಿದ ಮೇಲೆ ಒಂದು ತಿರುಪು ಉಳಿದಿತ್ತು, ಅದು ಇಂದಿಗೂ ನನ್ನ ಪೆಟ್ಟಿಗೆಯಲ್ಲಿದೆ.

ಯುಗಾದಿಗೆ ಮಾತ್ರ ಆಗಲಿಕ್ಕಿಲ್ಲ. ಮೆಣಸಿನಕಾಯಿ ಸುಗ್ಗಿ. ವರ್ಷದ ಖಾರಪುಡಿ ಕುಟ್ಟಿಸಬೇಕು, ಕಾಯಿ ಆರಿಸಿ ತೊಟ್ಟು ಮುರಿಯಬೇಕು. ನಾನಿಲ್ಲದಿದ್ದರೆ ದೇವಕ್ಕ ಒಬ್ಬಳೇ ಸೀನಿ ಸೀನಿ ಸಾಯುತ್ತಾಳೆ. ಆಮೇಲೆ ನೋಡೋಣ. ನಿನ್ನ ಜೀಪಿಗೆ ಬಾಗಿಲು ಇದೆಯೇ? ಬೆಂಗಳೂರಿನಲ್ಲಿ ಈಗ ಎಲ್ಲರೂ ಬಾಗಿಲಿರುವ ಗಾಡಿಯಲ್ಲೇ ಓಡಾಡುತ್ತಾರಂತೆ. ಸುಮ್ಮನೆ ಕೇಳಿದೆ.

ನಿನ್ನ ಚಿಗವ್ವ
ಕಮಲಮ್ಮ


ಮಾದನಾಯಕನಹಳ್ಳಿ
೨೧ ಮಾರ್ಚ್ ೨೦೧೦

ಪ್ರೀತಿಯ ಚಿಗವ್ವಾ,

ಖಾರಪುಡಿ ಬಂತು. ಡಬ್ಬಿ ತೆರೆದ ಮರುಕ್ಷಣ ಮನೆಯಲ್ಲಿ ಬ್ಯಾಡಗಿಯೇ ಬಂದು ಕೂತ ಹಾಗಾಯಿತು. ಯುಗಾದಿಯ ದಿನ ಒಬ್ಬಳೇ ಹೋಳಿಗೆ ತಿಂದೆ. ಉಳಿದದ್ದನ್ನು ಸಿದ್ರಾಮನಿಗೆ ಕೊಟ್ಟೆ.

ಸಿದ್ರಾಮ ಯಾರೆಂದು ಹೇಳಿಲ್ಲ ಅಲ್ಲವೇ? ಬಾಗಲಕೋಟೆ ಕಡೆಯವನು, ನಮ್ಮ ಕಾರ್ಖಾನೆಯ ಟರ್ನರ್. ಪೀಣ್ಯದಲ್ಲಿ ನಾವು ತಯಾರಿಸುವುದು ಅಳತೆಯ ಗೇಜುಗಳು ಎಂದು ನಿನಗೆ ಗೊತ್ತು. ಬೇರೆ ಕಾರ್ಖಾನೆಯವರು ತಮ್ಮ ಭಾಗ ಸರಿಯಿದೆಯೋ ಇಲ್ಲವೋ ನೋಡುವುದೇ ನಮ್ಮ ಗೇಜು ಇಟ್ಟು. ಅವನು ಲೇತ್ ಮಷೀನಿನಲ್ಲಿ ಉಕ್ಕು ಕಡೆಯುತ್ತಾನೆ, ನಾನು ಅಳೆದು ಸಹಿ ಹಾಕುತ್ತೇನೆ. ಈಗ ಪ್ರತಿ ಭಾನುವಾರ ನಾವಿಬ್ಬರೂ ಇಲ್ಲಿನ ಶ್ಯಾಮಣ್ಣನ ಗ್ಯಾರೇಜಿನಲ್ಲಿ. ಜೀಪನ್ನು ತಿರುಪು ತಿರುಪಾಗಿ ಬಿಚ್ಚಿ ಹರಡಿದ್ದೇವೆ. ಸೀಮೆಎಣ್ಣೆಯಲ್ಲಿ ತೊಳೆಯುವಾಗ ಗೇರ್ ಪೆಟ್ಟಿಗೆಯೊಳಗಿಂದ ಕೋಳಿ ಪುಕ್ಕ ಬಂತು. ಅಲ್ಲಿಗೆ ಹೇಗೆ ಹೋಯಿತೋ ಆ ಕೋಳಿಗೇ ಗೊತ್ತು.

ನಿನಗೊಂದು ಸುದ್ದಿ. ಹಿಂದೆ ಅಡ್ಡ ಬೆಂಚು ಇರಲಿಲ್ಲ, ಕಿತ್ತು ಹಾಕಿದ್ದರು. ನಾನು ಹೊಸದಾಗಿ ಮಾಡಿಸಿದ್ದೇನೆ, ನೀನು ಕೂರುತ್ತಿದ್ದ ಹಾಗೇ ಎಡಗಡೆಗೆ, ಹಿಂದಿನ ಚಕ್ರದ ನೇರ ಮೇಲೆ. ದಪ್ಪ ಮೆತ್ತೆ, ಹಿಡಿಯಲು ಸಲಾಕೆ. ಪಕ್ಕದಲ್ಲಿ ಲಸಿಕೆ ಡಬ್ಬಿಯ ಅಗಲಕ್ಕೆ ಸರಿಯಾಗಿ ಜಾಗ ಬಿಟ್ಟಿದ್ದೇನೆ, ನಿನ್ನ ಚೀಲ ಇಡಬಹುದು. ನಿಮ್ಮ ಜೀಪಿನ ಬಣ್ಣ ಯಾವುದಿತ್ತು? ನನ್ನ ನೆನಪಿನಲ್ಲಿ ಹಸಿರು. ನೀನು ಹೇಳಿದ ಬಣ್ಣವನ್ನೇ ಬಳಿಸುತ್ತೇನೆ.

ಬಸವ ಜಯಂತಿಗೆ ಖಂಡಿತ ಬರುತ್ತೇನೆ. ನಿನ್ನ ಕೋಣೆ ಸಿದ್ಧವಾಗಿದೆ. ಮಂಚ ಕಿಟಕಿಯ ಕೆಳಗೆ ಹಾಕಿಸಿದ್ದೇನೆ, ಬಚ್ಚಲಿಗೆ ಹಿಡಿಕೆ ಕೂರಿಸಿದ್ದೇನೆ, ಕಿವಿ ಡಾಕ್ಟರ ಹತ್ತಿರ ಮಾತಾಡಿದ್ದೇನೆ. ಕಿವಿಗೆ ಹಾಕುವ ಮಷೀನು ಈಗ ಕಡಲೆಕಾಳಿನಷ್ಟು ಸಣ್ಣದು, ಯಾರಿಗೂ ಕಾಣುವುದಿಲ್ಲವಂತೆ.

ನಿನ್ನ
ಶೈಲಜಾ


ಬ್ಯಾಡಗಿ
೫ ಏಪ್ರಿಲ್ ೨೦೧೦

ಶೈಲೂ,

ಬಣ್ಣ ಬೂದಿ ಬಣ್ಣ ಇತ್ತು. ಹಸಿರಲ್ಲ. ನೀನು ನಿನಗೆ ಬೇಕಾದ್ದು ಬಳಿ.

ಬಸವ ಜಯಂತಿಗೆ ಮಂಡಿನೋವು ಹೇಗಿರುತ್ತದೋ ನೋಡಬೇಕು. ನೀನು ಅಷ್ಟು ದೂರ ಬರುವ ಆತುರ ಮಾಡಬೇಡ. ಬಿಸಿಲು ಜಾಸ್ತಿ, ಮಜ್ಜಿಗೆ ಕುಡಿ.

ಚಿಗವ್ವ


ಮಾದನಾಯಕನಹಳ್ಳಿ
೨೩ ಮೇ ೨೦೧೦

ಚಿಗವ್ವಾ,

ಬಸವ ಜಯಂತಿ ಹೋಯಿತು, ನಾನು ಬರಲಿಲ್ಲ. ನಿನಗೆ ಸಮಾಧಾನವಾಗಿರಬೇಕು.

ಹಾಗೆ ಬರೆಯಬಾರದಿತ್ತು. ಆದರೆ ಹೊಡೆದು ಹಾಕುವುದಿಲ್ಲ, ಇರಲಿ.

ಏನಾಯಿತೆಂದು ಹೇಳುತ್ತೇನೆ, ನಗುವುದಾದರೆ ನಗು. ಇಂಜಿನ್ ಜೋಡಿಸುವಾಗ ಪಿಸ್ಟನ್ನಿಗೂ ಅದರ ಕೊಳವೆಗೂ ನಡುವೆ ಇಷ್ಟು ಸಂದು ಬಿಡಬೇಕೆಂದು ಜೀಪಿನ ಪುಸ್ತಕದಲ್ಲಿದೆ. ನಾನೂ ಸಿದ್ರಾಮನೂ ಅದನ್ನು ಓದಿ ನಕ್ಕುಬಿಟ್ಟೆವು. ಗೇಜು ಮಾಡುವವರು ನಾವು! ಕೂದಲು ತೂರುವಷ್ಟು ಸಂದು ಕಂಡರೂ ಮಾಲು ವಾಪಸ್ ಕಳಿಸುವವರು. ಸಂದು ಬಿಡುವುದು ಕೈಯಲ್ಲಿ ಕಸುಬಿಲ್ಲದವರ ಕೆಲಸ ಎಂದುಕೊಂಡು, ನಮ್ಮ ಅಳತೆಗೆ ನಾವು ಕೂರಿಸಿದೆವು. ಸಿದ್ರಾಮ ಕೈ ಒರೆಸಿಕೊಂಡು, “ಅಕ್ಕಾರ, ಇದರಾಗ ಗಾಳಿನೂ ತೂರಂಗಿಲ್ಲ ನೋಡ್ರಿ” ಅಂದ. ಶ್ಯಾಮಣ್ಣನೂ ಬಗ್ಗಿ ನೋಡಿ, “ಮೇಡಂ, ಸಕ್ಕತ್ತಾಗ್ ಕೂತಿದೆ ಕಣ್ರೀ, ಇಂಥ ಫಿಟ್ಟಿಂಗ್ ನನ್ ಸರ್ವೀಸಲ್ಲೇ ನೋಡಿಲ್ಲ” ಅಂದರು. ಮೂವರೂ ಫೋಟೋ ತೆಗೆಸಿಕೊಂಡೆವು.

ಚಾಲೂ ಮಾಡಿದರೆ ಹೊಲಿಗೆ ಮಷೀನಿನ ಹಾಗೆ ಸದ್ದು. ಎಷ್ಟು ಖುಷಿಯಾಯಿತೆಂದರೆ ತುಮಕೂರು ರಸ್ತೆಗೆ ಇಳಿಸಿಯೇಬಿಟ್ಟೆ. ನೆಲಮಂಗಲ ಇನ್ನೇನು ಬಂತು ಎನ್ನುವಾಗ, ಇಂಜಿನ್ ಬಿಸಿಯಾಗಿ ಕಚ್ಚಿಕೊಂಡು ನಿಂತಿತು. ಹಿಂದೆ ಲಾರಿಗಳ ಸಾಲು. ಒಬ್ಬ ಡ್ರೈವರ್ ಇಳಿದು ಬಂದು, “ಮೇಡಂ, ಮ್ಯೂಸಿಯಂ ಆ ಕಡೆ” ಅಂದ. ನಾನು ನಗುವ ಸ್ಥಿತಿಯಲ್ಲಿರಲಿಲ್ಲ.

ರಸ್ತೆ ಬದಿಗೆ ತಳ್ಳಿ, ಹುಣಸೆಮರದ ಕೆಳಗೆ ಕೂತೆ. ಸಂಜೆ ತಣ್ಣಗಾದ ಮೇಲೆ ಸುಮ್ಮನೆ ಕೈಯಿಂದ ತಿರುಗಿಸಿ ನೋಡಿದರೆ ಇಂಜಿನ್ ಸಲೀಸಾಗಿ ತಿರುಗಿತು. ಆಗ ಹೊಳೆಯಿತು. ಗೇಜು ಕಪಾಟಿನಲ್ಲಿ ತಣ್ಣಗೆ ಕೂತಿರುವ ವಸ್ತು. ಇಂಜಿನ್ ಹಾಗಲ್ಲ, ಅದು ಬಿಸಿಯಾಗುತ್ತದೆ, ಹಿಗ್ಗುತ್ತದೆ. ಹಿಗ್ಗಲು ಜಾಗ ಬೇಕು. ಪುಸ್ತಕದವರು ಅದಕ್ಕೇ ಸಂದು ಬಿಡಿ ಎಂದಿದ್ದು. ಮತ್ತೆ ಎಲ್ಲ ಬಿಚ್ಚಿದ್ದೇವೆ. ಅಷ್ಟು ಚೆಂದ ಮಾಡಿದ್ದನ್ನು ಕೈಯಾರೆ ಸಡಿಲ ಮಾಡುವಾಗ ಸಿದ್ರಾಮನ ಮುಖ ನೋಡಬೇಕಿತ್ತು.

ಈಗ ನಿನ್ನ ವಿಷಯ. ಏಪ್ರಿಲಿನಲ್ಲಿ ನೀನು ಬರೆದದ್ದು ನಾಲ್ಕು ಸಾಲು. ನಿನ್ನ ಮಂಡಿ ಚೆನ್ನಾಗಿದೆ, ದಿನಾ ಪೇಟೆಗೆ ಹೋಗಿ ಬರುತ್ತೀ ಎಂದು ದೇವಕ್ಕ ಫೋನಿನಲ್ಲಿ ಹೇಳಿದರು. ಹಾಗಾದರೆ ಏನು? ಹುಷಾರಿಲ್ಲದ್ದನ್ನು ಮುಚ್ಚಿಡುತ್ತಿದ್ದೀಯಾ? ಅಥವಾ ನನ್ನ ಮನೆಗೆ ಬರಲು ಇಷ್ಟವಿಲ್ಲವೇ? ಅವ್ವ ಹೋದ ಮೇಲೆ ನನಗಿರುವವಳು ನೀನೊಬ್ಬಳೇ. ಇಷ್ಟವಿಲ್ಲದಿದ್ದರೆ ಇಲ್ಲ ಅನ್ನು. ಬರೀ ಮಜ್ಜಿಗೆ ಕುಡಿ ಅನ್ನಬೇಡ.

ಶೈಲಜಾ


ಬ್ಯಾಡಗಿ
೯ ಜೂನ್ ೨೦೧೦

ನನ್ನ ಬಂಗಾರದಂಥ ಶೈಲೂ,

ನಿನ್ನ ಕಾಗದ ಓದಿ ಎರಡು ದಿನ ಊಟ ಸೇರಲಿಲ್ಲ. ಮುಚ್ಚುಮರೆ ಸಾಕು. ಹೇಳಿಬಿಡುತ್ತೇನೆ. ನನಗೆ ಯಾವ ರೋಗವೂ ಇಲ್ಲ. ನನಗೆ ಜೀಪಿನಲ್ಲಿ ವಾಂತಿಯಾಗುತ್ತದೆ.

ನಗು, ಚೆನ್ನಾಗಿ ನಗು. ಕೆಲಸಕ್ಕೆ ಸೇರಿದ ದಿನದಿಂದ ನಿವೃತ್ತಿಯ ದಿನದವರೆಗೂ ಆ ಅಡ್ಡ ಬೆಂಚಿನ ಮೇಲೆ ಕೂತು ನಾನು ಪಟ್ಟ ಪಾಡು ಶಿವನಿಗೇ ಗೊತ್ತು. ಆ ನಿಂಬೆಹಣ್ಣು ಜೀಪಿನ ದೃಷ್ಟಿಗಲ್ಲವೇ ಹುಚ್ಚಿ, ನನ್ನ ಮೂಗಿಗೆ! ಅದನ್ನು ಮೂಸಿ ಮೂಸಿ ಊರು ಮುಟ್ಟುತ್ತಿದ್ದೆ. ನೀನು ಧೂಳಿನಲ್ಲಿ ಓಡಿ ಬರುವುದು ದೂರದಿಂದ ಕಾಣುತ್ತಿತ್ತು. ಹಳ್ಳದ ಹತ್ತಿರ ಡ್ರೈವರ್ ಮುದಕಪ್ಪನಿಗೆ ನಿಲ್ಲಿಸು ಅಂದು, ಇಳಿದು, ಬಾಯಿ ತೊಳೆದು, ಸೆರಗು ಸರಿಮಾಡಿ ಮತ್ತೆ ಹತ್ತುತ್ತಿದ್ದೆ. ಆಮೇಲೆ ನಿನಗೆ ಕಂಡವಳು ರಾಣಿ. ನಿನ್ನ ಕಣ್ಣಿನಲ್ಲಿ ಅಷ್ಟೊಂದು ಸಂತೋಷ ಇರುತ್ತಿತ್ತು, ಅದನ್ನು ಕೆಡಿಸಲು ಮನಸ್ಸು ಬರಲಿಲ್ಲ. ಈಗಲೂ ಬರಲಿಲ್ಲ. ನೀನು ಅದೇ ಬೆಂಚನ್ನು, ಅದೇ ಚಕ್ರದ ಮೇಲೆ, ಮೆತ್ತೆ ಹಾಕಿ ಮಾಡಿಸಿದ್ದೀ ಎಂದು ಓದಿದಾಗ ಕೂತಲ್ಲೇ ಹೊಟ್ಟೆ ತೊಳಸಿತು. ಬ್ಯಾಡಗಿಯಿಂದ ಬೆಂಗಳೂರಿನವರೆಗೆ!

ಇನ್ನೊಂದೂ ಇದೆ. ಅದು ನಗುವಂಥದ್ದಲ್ಲ. ನನ್ನ ಕಿವಿ ಈಗ ಪೂರ್ತಿ ಹೋಗುವ ಹಂತಕ್ಕೆ ಬಂದಿದೆ. ಇಲ್ಲಿ ಎಲ್ಲರಿಗೂ ಗೊತ್ತು, ಜೋರಾಗಿ ಕೂಗುತ್ತಾರೆ. ನಿನ್ನ ಊರಿನಲ್ಲಿ ಎಲ್ಲರೂ ಮೆಲ್ಲಗೆ ಮಾತಾಡುವವರು. ನೀನಂತೂ ಮೊದಲಿನಿಂದಲೂ ಪಿಸುಮಾತಿನವಳು. ನಿನ್ನ ಮನೆಯಲ್ಲಿ ಕೂತು, ನೀನು ಒಂದು ಕೇಳಿದರೆ ನಾನೊಂದು ಹೇಳಿ, ನೀನು ಮುಖ ಸಣ್ಣ ಮಾಡಿಕೊಳ್ಳುವುದನ್ನು ನೋಡಬೇಕಲ್ಲ ಎಂಬ ಭಯ. ಕಾಗದದಲ್ಲಿ ನೀನು ಹೇಳಿದ ಒಂದಕ್ಷರವೂ ನನಗೆ ತಪ್ಪುವುದಿಲ್ಲ. ಈ ಹಾಳೆಯ ಮೇಲೆ ನಾನು ನಿನ್ನ ಹಳೆಯ ಚಿಗವ್ವನೇ.

ಶೈಲೂ, ಇಂಜಿನ್ ಕತೆ ನೀನೇ ಬರೆದೆ. ನನ್ನ ಕೋಣೆಯ ಕತೆಯೂ ಅದೇ ಅಲ್ಲವೇ? ಮಂಚ ಎಲ್ಲಿ, ಹಿಡಿಕೆ ಎಲ್ಲಿ, ಡಾಕ್ಟರು ಯಾರು, ಎಲ್ಲ ನೀನೇ ಅಳತೆ ತೆಗೆದು ಕೂರಿಸಿದ್ದೀ. ಪ್ರೀತಿಯಿಂದಲೇ, ಗೊತ್ತು. ಆದರೂ ನನಗೂ ಸ್ವಲ್ಪ ಸಂದು ಬಿಡವ್ವಾ.

ಆಯುಧಪೂಜೆಗೆ ಬರುತ್ತೇನೆ, ರೈಲಿನಲ್ಲಿ. ರೈಲು ನನಗೆ ಏನೂ ಮಾಡುವುದಿಲ್ಲ. ಆದರೆ ಒಂದು ಆಸೆ ಹೇಳುತ್ತೇನೆ, ದೇವಕ್ಕನಿಗೂ ಹೇಳಿಲ್ಲ. ಮುದಕಪ್ಪ ಯಾವಾಗಲೂ ಅನ್ನುತ್ತಿದ್ದ: “ಅಕ್ಕಾರ, ಸ್ಟೇರಿಂಗ್ ಹಿಡದಾವಗ ಯಾವತ್ತೂ ವಾಂತಿ ಬರಂಗಿಲ್ರಿ.” ಒಂದು ಸಲ ನಾನೂ ಹಿಡಿಯುತ್ತೇನೆ ಅಂದೆ. ಸರಕಾರಿ ಗಾಡಿ, ನರ್ಸುಗಳಿಗಲ್ಲ ಎಂದು ಡಾಕ್ಟರು ನಕ್ಕರು. ಮುದಕಪ್ಪನ ಮಾತು ನಿಜವೋ ಸುಳ್ಳೋ ನೋಡಬೇಕು ಅಂತ ಅವತ್ತಿನಿಂದ ಇದೆ. ನಿನ್ನ ಜೀಪಿನಲ್ಲಿ ನನ್ನನ್ನು ಕೂರಿಸುವುದೇ ಆದರೆ ಮುಂದೆ ಕೂರಿಸು. ಬಲಗಡೆ.

ನಿನ್ನ ಚಿಗವ್ವ


ಮಾದನಾಯಕನಹಳ್ಳಿ
೨೦ ಜೂನ್ ೨೦೧೦

ನನ್ನ ಚಿಗವ್ವಾ,

ಅಡ್ಡ ಬೆಂಚನ್ನು ಇವತ್ತು ಕಿತ್ತುಹಾಕಿದೆ. ಶ್ಯಾಮಣ್ಣ ಅದನ್ನು ಗ್ಯಾರೇಜಿನ ಬಾಗಿಲಲ್ಲಿ ಹಾಕಿಕೊಂಡು ಟೀ ಕುಡಿಯುತ್ತಿದ್ದಾರೆ. ನಿನ್ನ ಕಾಗದ ಓದಿ ಮೊದಲು ನಕ್ಕೆ, ಆಮೇಲೆ ಹಳ್ಳದ ಹತ್ತಿರ ನೀನು ಬಾಯಿ ತೊಳೆಯುವುದು ಕಣ್ಣಿಗೆ ಕಟ್ಟಿ ಅತ್ತೆ. ನಾನು ಓಡಿ ಬಂದು ಮೊದಲು ಕೇಳುತ್ತಿದ್ದದ್ದು “ಚಿಗವ್ವಾ, ಇನ್ನೊಂದು ಸುತ್ತು ಹೋಗೂಣು” ಅಂತ. ನೀನು ಹೂಂ ಅನ್ನುತ್ತಿದ್ದೆ. ಯಾಕೆ ಹೂಂ ಅಂದೆ ಮಾರಾಯ್ತಿ?

ಡಾಕ್ಟರಿಗೆ ಸದ್ಯಕ್ಕೆ ಬೇಡ ಎಂದು ಹೇಳಿದ್ದೇನೆ. ಮಂಚವನ್ನು ಕೋಣೆಯ ನಡುವೆ ಎಳೆದಿಟ್ಟಿದ್ದೇನೆ, ನೀನು ಬಂದು ಎಲ್ಲಿ ಬೇಕೋ ಅಲ್ಲಿಗೆ ತಳ್ಳಿಸಿಕೋ. ಮುಖ ಸಣ್ಣ ಮಾಡಿಕೊಳ್ಳುತ್ತೇನೆ ಎಂದೆಯಲ್ಲ, ಅದೊಂದು ಮಾತು ಚುಚ್ಚಿತು. ನಾನು ಮೆಲ್ಲಗೆ ಮಾತಾಡುವವಳು, ನಿಜ. ಹೇಳಬೇಕಾದದ್ದನ್ನು ನನಗೆ ಬಾಯಿಬಿಟ್ಟು ಹೇಳಲು ಬರುವುದಿಲ್ಲ. ಒಂದು ಮಾತು ಬಹಳ ದಿನದಿಂದ ಇದೆ. ಅದಿರಲಿ, ನೀನು ಬಾ.

ಗ್ಯಾರೇಜಿನ ಹಿಂದೆ ಗೋಡೌನ್ ಕಟ್ಟಲು ಸಮತಟ್ಟು ಮಾಡಿದ ದೊಡ್ಡ ಮೈದಾನವಿದೆ, ಸುತ್ತ ಕಾಂಪೌಂಡು. ಅಲ್ಲಿಗೆ ಯಾರೂ ಬರುವುದಿಲ್ಲ. ಬಲಗಡೆಯ ಸೀಟು ನಿನ್ನ ಕಾಲಿಗೆ ದೂರವಾಗುತ್ತದೆ. ಸಿದ್ರಾಮ ಅಳತೆ ಕೇಳಿದ. ಅಳತೆ ಬೇಡ, ಬೋಲ್ಟಿನ ತೂತುಗಳನ್ನೇ ಉದ್ದ ಮಾಡು, ಕೂತವರು ಹಿಂದೆ ಮುಂದೆ ಮಾಡಿಕೊಳ್ಳಲಿ ಅಂದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿದ.

ಬಾನೆಟ್ಟಿನ ನಿಂಬೆಹಣ್ಣು ಬಿಚ್ಚಿ ಸ್ಟೇರಿಂಗ್ ಪಕ್ಕ ಇಟ್ಟಿದ್ದೇನೆ. ಬಣ್ಣ ಹಸಿರು. ನಿನ್ನ ಬೂದಿ ಬಣ್ಣ ನನಗೆ ಬೇಡ.

ನಿನ್ನ
ಶೈಲೂ


ಬ್ಯಾಡಗಿ
೨೪ ಅಕ್ಟೋಬರ್ ೨೦೧೦

ಶೈಲೂ ಅವ್ವಾ,

ಸುಖವಾಗಿ ಊರು ಸೇರಿದೆ. ರೈಲಿನಲ್ಲಿ ಪಕ್ಕದವರಿಗೆಲ್ಲ ನಾನು ಜೀಪು ಓಡಿಸುತ್ತೇನೆ ಎಂದು ಹೇಳಿಕೊಂಡು ಬಂದೆ. ಒಬ್ಬರೂ ನಂಬಲಿಲ್ಲ. ದೇವಕ್ಕ ಮಾತ್ರ ನಂಬಿದಳು, ಅದಕ್ಕೇ ಅವಳು ನನ್ನ ಗೆಳತಿ.

ನಿನ್ನ ಕಾರ್ಖಾನೆಯ ಪೂಜೆ ಕಣ್ಣಿಗೆ ಕಟ್ಟಿದ ಹಾಗಿದೆ. ಮಷೀನುಗಳ ಸಾಲಿನಲ್ಲಿ ನಿನ್ನ ಹಸಿರು ಜೀಪು, ಹಣೆಗೆ ವಿಭೂತಿ, ಮೈತುಂಬ ಚೆಂಡುಹೂವು. ಸಿದ್ರಾಮ ಬೂದುಗುಂಬಳ ಒಡೆದ ರಭಸಕ್ಕೆ ನನ್ನ ಇಳಕಲ್ ಸೀರೆಗೆಲ್ಲ ಕುಂಕುಮ ಹಾರಿತು. ಅದು ಹೋಗಿಲ್ಲ, ಹೋಗುವುದೂ ಬೇಡ.

ಆಮೇಲಿನ ಮೈದಾನ. ನಾನು ಬಲಗಡೆ ಹತ್ತಿ ಕೂತಾಗ ಆ ಸಿದ್ರಾಮ ದೂರ ಹೋಗಿ ಕೈಮುಗಿದು ನಿಂತದ್ದನ್ನು ಕಂಡೆ. ದೇವರಿಗೋ ನನಗೋ ತಿಳಿಯಲಿಲ್ಲ. ಮೊದಲ ಸಲ ಕ್ಲಚ್ ಬಿಟ್ಟಾಗ ಜೀಪು ಕುಪ್ಪಳಿಸಿ ನಿಂತಿತು, ಎರಡನೆಯ ಸಲವೂ ನಿಂತಿತು. ಮೂರನೆಯ ಸಲ ಹೊರಟಿತು ನೋಡು! ನೀನು ಬ್ರೇಕು ಬ್ರೇಕು ಅನ್ನುತ್ತಿದ್ದೆ, ನಾನು ಮರಳಿನ ದಿಬ್ಬ ಹತ್ತಿಸಿ ಆ ಕಡೆ ಇಳಿಸಿದೆ. ನಾಲ್ಕೂ ಚಕ್ರ ಎಳೆಯುತ್ತವೆ ಎಂದು ನೀನೇ ಬರೆದಿದ್ದೆಯಲ್ಲ, ನೋಡೋಣ ಅಂದುಕೊಂಡೆ. ಮೈದಾನ ಸುತ್ತಿ ಸುತ್ತಿ ಸಾಕಾದರೂ ಹೊಟ್ಟೆ ತೊಳಸಲಿಲ್ಲ. ನಿಂಬೆಹಣ್ಣು ಮುಟ್ಟಲೇ ಇಲ್ಲ. ಮುದಕಪ್ಪ ಸುಳ್ಳು ಹೇಳಿರಲಿಲ್ಲ. ಅವನು ಬದುಕಿದ್ದಿದ್ದರೆ ಒಂದು ಕಾರ್ಡು ಬರೆಯುತ್ತಿದ್ದೆ.

ಈಗ ಹೇಳಬೇಕಾದದ್ದನ್ನು ಹೇಳುತ್ತೇನೆ. ಇದಕ್ಕಾಗಿಯೇ ಈ ಕಾಗದ.

ದಿಬ್ಬ ಇಳಿದ ಮೇಲೆ ಜೀಪು ಆರ್ಭಟಿಸುತ್ತಿತ್ತು. ಆ ಸದ್ದಿನಲ್ಲಿ ಮೆಲ್ಲಗೆ ಆಡಿದ ಮಾತು ಯಾರ ಕಿವಿಗೂ ಕೇಳುವಂತಿರಲಿಲ್ಲ. ನೀನು, ನನ್ನ ಪಿಸುಮಾತಿನ ಹುಡುಗಿ, ಗಂಟಲು ಹರಿಯುವ ಹಾಗೆ ಕೂಗಿದೆ: “ಚಿಗವ್ವಾ, ಹೊಳ್ಳಿ ಹೋಗಬ್ಯಾಡ! ನನ್ನ ಸಂಗಡನ ಇರು! ಒಬ್ಬಾಕಿನ ಇದ್ದು ಸಾಕಾಗೇತಿ ನನಗ!”

ನಾನು ಕೇಳಿಸಲಿಲ್ಲ ಎಂದು ಕೈಯಾಡಿಸಿದೆ. ನೀನು ಮತ್ತೆ ಹೇಳಲಿಲ್ಲ. ಯಶವಂತಪುರದಲ್ಲಿ ರೈಲು ಹತ್ತಿಸುವಾಗಲೂ ಹೇಳಲಿಲ್ಲ, ಕಿಟಕಿಯಲ್ಲಿ ನೀರಿನ ಬಾಟಲಿ ಕೊಟ್ಟೆ.

ಶೈಲೂ, ನನಗೆ ಕೇಳಿಸಿತ್ತು. ಒಂದೊಂದು ಮಾತೂ ಕೇಳಿಸಿತ್ತು. ಎಷ್ಟೋ ವರ್ಷದಲ್ಲಿ ಮೊದಲ ಸಲ ನಿನ್ನ ದನಿಯನ್ನು ಪೂರ್ತಿಯಾಗಿ ಕೇಳಿದೆ. ಕಿವಿ ಮಂದವಾದವರಿಗೆ ಒಂದು ಹೆದರಿಕೆ ಇರುತ್ತದೆ, ನಮಗೆ ಬೇಕಾದದ್ದೇ ನಮಗೆ ಕೇಳಿಸುತ್ತದೆಯೋ ಏನೋ ಅಂತ. ಅದಕ್ಕೇ ತಕ್ಷಣ ಉತ್ತರ ಕೊಡಲಿಲ್ಲ. ಊರಿಗೆ ಬಂದು, ಒಬ್ಬಳೇ ಕೂತು, ಆ ಮಾತನ್ನು ಮತ್ತೆ ಮತ್ತೆ ನೆನಪು ಮಾಡಿಕೊಂಡೆ. ನಿನ್ನ ಕಣ್ಣಲ್ಲಿ ನೀರಿತ್ತು, ಅದು ಮರಳಿನ ಧೂಳಿಗಲ್ಲ.

ದೀಪಾವಳಿ ಮುಗಿಸಿಕೊಂಡು ಬಂದುಬಿಡುತ್ತೇನೆ, ಇರುವುದಕ್ಕೇ. ಕುಟ್ಟುವ ಒರಳು, ಗಡಿಗೆ, ನೀನು ಬಿಚ್ಚಿದ ಸ್ಟವ್ವಿನ ಆ ತಿರುಪು, ಎಲ್ಲ ಕಟ್ಟುತ್ತಿದ್ದೇನೆ. ಮಂಚ ಬಾಗಿಲ ಪಕ್ಕಕ್ಕೆ ಬರಲಿ, ನೀನು ಕೆಲಸದಿಂದ ಬರುವುದು ಕಾಣಬೇಕು. ಸುಗ್ಗಿಗೆ ಒಂದು ತಿಂಗಳು ನನ್ನನ್ನು ಇಲ್ಲಿಗೆ ಕಳಿಸಬೇಕು. ದೇವಕ್ಕ ಅಳುತ್ತಿದ್ದಾಳೆ, ಅವಳಿಗೂ ಜೀಪು ಕಲಿಸುತ್ತೇನೆ ಎಂದು ಸಮಾಧಾನ ಮಾಡಿದ್ದೇನೆ. ಸೀಟನ್ನು ಹಿಂದಕ್ಕೆ ತಳ್ಳಬೇಡ, ನಾನಿಟ್ಟ ಜಾಗದಲ್ಲೇ ಇರಲಿ.

ಇನ್ನು ನಮ್ಮಿಬ್ಬರ ನಡುವೆ ಕಾಗದ ಇರುವುದಿಲ್ಲವಲ್ಲ ಎಂಬುದೊಂದೇ ಬೇಜಾರು. ಕಾಗದದಲ್ಲಿ ನೀನು ಎಷ್ಟು ಚೆನ್ನಾಗಿ ಮಾತಾಡುತ್ತಿದ್ದೆ. ಮನೆಯಲ್ಲಿ ಮತ್ತೆ ಮೆಲ್ಲಗಾಗುತ್ತೀ, ನನಗೆ ಗೊತ್ತು. ಆಗಲಿ. ನಿನಗೇನಾದರೂ ಹೇಳಬೇಕು ಅನ್ನಿಸಿದಾಗ ಜೀಪು ಚಾಲೂ ಮಾಡು, ನಾನು ಬಂದು ಕೂರುತ್ತೇನೆ.

ನಿನ್ನ ಚಿಗವ್ವ
ಕಮಲಮ್ಮ